ಕಣ್ಣು ಚುಕ್ಕೆಯ ಮೇಲೆ, ಗಮನ ಬದಿಗೆ

ಮೊದಲ ದಿನ ನನಗೆ ತೊಡಕಾದದ್ದು ಕಾಡಿಗೆ. ಪ್ರಯೋಗಕ್ಕೆ ಕುಳಿತ ಗೆಳತಿಯ ರೆಪ್ಪೆಯಂಚಿನ ಕಪ್ಪನ್ನೇ, ಕಣ್ಣಿನ ಪಾಪೆಯ ಗಾತ್ರ ಅಳೆಯುವ ಯಂತ್ರ ಪಾಪೆ ಎಂದು ಹಿಡಿದುಕೊಂಡು, ಅಳತೆಯ ಗೆರೆ ಸಿಕ್ಕಾಪಟ್ಟೆ ಕುಣಿಯುತ್ತಿತ್ತು. ಅವಳು ಮುಖ ತೊಳೆದು ಬಂದ ಮೇಲೆ ಶಾಂತವಾಯಿತು. ನಮ್ಮ ಕಡುಕಂದು ಕಣ್ಣುಗಳಲ್ಲಿ ಪಾಪೆ ಎಲ್ಲಿ ಮುಗಿಯುತ್ತದೆ ಎಂಬುದು ಸಾಮಾನ್ಯ ಕ್ಯಾಮೆರಾಕ್ಕೆ ತಿಳಿಯುವುದೇ ಕಷ್ಟ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಆ ಕಂದು ತಿಳಿ ಬೂದುಬಣ್ಣವಾಗಿ, ನಡುವೆ ಪಾಪೆ ಕರಿಯ ಬಿಲ್ಲೆಯಂತೆ ಎದ್ದು ಕಾಣುತ್ತದೆ. ಎಷ್ಟು ನೋಡಿದರೂ ನನಗೆ ಸಾಕೆನಿಸದ ದೃಶ್ಯ ಅದು.

ಬೆಳಕಿಗೆ ಪಾಪೆ ಕುಗ್ಗುವುದು ಎಲ್ಲರಿಗೂ ಗೊತ್ತು. ಕಣ್ಣು ಅಲುಗದೆ, ಗಮನ ಮಾತ್ರ ಬಿಳಿಯ ಕಡೆ ಸರಿದರೂ ಅದು ಕುಗ್ಗುತ್ತದೆಂದು 2013ರಲ್ಲಿ ಎರಡು ಸಂಶೋಧನಾ ತಂಡಗಳು ಬೇರೆ ಬೇರೆಯಾಗಿ ತೋರಿಸಿದ್ದವು. ಅದನ್ನು ನಾನೇ ಅಳೆದು ನೋಡಬೇಕೆನಿಸಿತು. ಪರದೆಯ ಎಡಭಾಗ ಕಪ್ಪು, ಬಲಭಾಗ ಬಿಳಿ, ನಡುವಿನ ಬೂದು ಪಟ್ಟಿಯಲ್ಲಿ ಒಂದು ಚುಕ್ಕೆ. ದೃಷ್ಟಿ ಚುಕ್ಕೆಯಲ್ಲೇ ನೆಟ್ಟಿರಬೇಕು. ಪರದೆಯ ಮೇಲೆ ಬಾಣ ತೋರಿಸಿದರೆ ಅದರ ಬೆಳಕೂ ಲೆಕ್ಕಕ್ಕೆ ಬರುತ್ತದೆಂದು, ಯಾವ ಬದಿಯನ್ನು ಗಮನಿಸಬೇಕೆಂಬುದನ್ನು 'ಎಡ', 'ಬಲ' ಎಂಬ ಧ್ವನಿಯಲ್ಲಿ ಕೇಳಿಸಿದೆ. ಕೆಲವು ಸೆಕೆಂಡುಗಳ ನಂತರ ಆ ಬದಿಯಲ್ಲಿ ಮಸುಕಾದ ಗುರುತೊಂದು ಮೂಡುತ್ತದೆ. ಅದನ್ನು ಪತ್ತೆ ಹಚ್ಚಬೇಕು. ಇಷ್ಟಾದರೆ ಒಂದು ಸರದಿ.

ಮೊದಲ ವಾರದ ಫಲಿತಾಂಶ ತುಂಬಾ ಚೆನ್ನಾಗಿತ್ತು, ಅನುಮಾನ ಬರುವಷ್ಟು. ದೃಷ್ಟಿಯ ದಾಖಲೆ ತೆಗೆದು ನೋಡಿದರೆ, ಹೇಳಿದ ಬದಿಗೆ ಕಣ್ಣು ತುಸು ಜಾರಿತ್ತು. ಹಾಗೆ ಜಾರಿದರೆ ಕಣ್ಣಿನ ನಡುಭಾಗಕ್ಕೆ ಬೀಳುವ ಬೆಳಕೇ ಬದಲಾಗುತ್ತದೆ. ಓರೆಯಾದ ಪಾಪೆ ಕ್ಯಾಮೆರಾಕ್ಕೆ ಕಿರಿದಾಗಿಯೂ ಕಾಣುತ್ತದೆ. ಇಡೀ ವಾರದ ದತ್ತಾಂಶವನ್ನು ಬಿಟ್ಟುಬಿಟ್ಟೆ. ನೋವಾಯಿತು, ಆದರೆ ಬೇರೆ ದಾರಿಯಿರಲಿಲ್ಲ.

ಮುಂದೆ ದೃಷ್ಟಿ ಚುಕ್ಕೆಯಿಂದ ಸರಿದ ಸರದಿಗಳನ್ನೂ ರೆಪ್ಪೆ ಬಡಿದವನ್ನೂ ಕೈಬಿಟ್ಟು, ಪ್ರತಿ ಸರದಿಯಲ್ಲೂ ಧ್ವನಿಯ ನಂತರದ ಅಳತೆಯಿಂದ ಅದಕ್ಕೆ ಮುಂಚಿನ ಅಳತೆಯನ್ನು ಕಳೆದೆ. ಯಾವ ಬದಿಯನ್ನು ಗಮನಿಸಿದರೂ ಗುರುತು ಹುಡುಕುವ ಶ್ರಮಕ್ಕೆ ಪಾಪೆ ಹಿಗ್ಗುತ್ತಿತ್ತು. ಮಾನಸಿಕ ಶ್ರಮಕ್ಕೆ ಅದು ಹಿಗ್ಗುವುದು 1960ರ ದಶಕದಿಂದಲೇ ತಿಳಿದ ಸಂಗತಿ. ಆದ್ದರಿಂದ ಎರಡೂ ಬದಿಗಳ ಕಷ್ಟವನ್ನು ಸಮನಾಗಿಟ್ಟೆ. ನೂರಾರು ಸರದಿಗಳ ಸರಾಸರಿ ತೆಗೆದಾಗ ಜೊತೆಯಾಗಿಯೇ ಹೊರಟ ಎರಡು ಗೆರೆಗಳು ಮೆಲ್ಲಗೆ ಬೇರೆಯಾದವು. 'ಬಲ'ದ್ದು ಕೆಳಗೆ, 'ಎಡ'ದ್ದು ಮೇಲೆ. ಎರಡರಿಂದ ಎಂಟು ಮಿಲಿಮೀಟರ್‌ವರೆಗೆ ಬದಲಾಗಬಲ್ಲ ಪಾಪೆಯಲ್ಲಿ ಈ ಅಂತರ ಮಿಲಿಮೀಟರಿನ ಹತ್ತನೇ ಒಂದರಷ್ಟೂ ಇರಲಿಲ್ಲ.

ಅನುಮಾನ ಉಳಿಯಬಾರದೆಂದು ಕಪ್ಪು ಬಿಳಿಗಳನ್ನು ಅದಲುಬದಲು ಮಾಡಿ ಮತ್ತೆ ಅಳೆದೆ. 'ಬಲ'ದ ಗೆರೆ ಮೇಲೇರಿತು, 'ಎಡ'ದ್ದು ಕೆಳಗಿಳಿಯಿತು.