ಸಾಲದ ಗಡುವು ಮಾರ್ಚ್‌ಗೆ, ಮಗಳ ಮದುವೆ ಮೇ ತಿಂಗಳಿಗೆ

ದಕ್ಷಿಣ ಕನ್ನಡದ ಅಡಿಕೆ ಸೀಮೆಯ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಗುಮಾಸ್ತನಾಗಿ ಸೇರಿದವನು ನಾನು. ಈಗ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಊರವರ ಬಾಯಲ್ಲಿ ಮಾತ್ರ ಇಂದಿಗೂ ‘ಸೊಸೈಟಿ ಸೆಕ್ರೆಟರಿ’. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದ ಕಾಲದಿಂದಲೂ ಕೃಷಿ ಪತ್ತಿನ ಸಂಘಗಳ ಲೆಕ್ಕ ಬೆಳೆಯ ಜೊತೆ ನಡೆದಿದೆ. ಬೆಳೆಗೆ ಸಾಲ, ಫಸಲು ಬಂದಾಗ ವಸೂಲಿ. ಆದರೆ ಹೆರಿಗೆ, ಕಾಲೇಜು ಫೀಸು, ಮದುವೆ, ಆಸ್ಪತ್ರೆ, ಸಾವು ಇವ್ಯಾವುವೂ ಫಸಲು ನೋಡಿಕೊಂಡು ಬರುವುದಿಲ್ಲ. ಸದಸ್ಯರ ಮನೆಯ ಕಾಲಕ್ಕೆ ಸಂಘದ ಕೆಲಸವನ್ನು ಹೊಂದಿಸಲು ನಾವು ಏನೇನು ಮಾಡಿದೆವು ಎಂಬುದನ್ನು ಬೇರೆ ಸಂಘಗಳವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಕೈಹಾಕಿದ್ದು ಮಾರ್ಚ್ ತಿಂಗಳಿಗೆ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿ ಮೂರು ಲಕ್ಷ ಇದ್ದದ್ದು 2023-24ರಲ್ಲಿ ಐದು ಲಕ್ಷವಾಯಿತು. ಗಡುವು ದಾಟಿದರೆ ಆ ರಿಯಾಯಿತಿ ಹೋಯಿತು. ಹಾಗಾಗಿ ಗಡುವು ಹತ್ತಿರವಾದಾಗ ಕೈಯಲ್ಲಿ ಹಣವಿಲ್ಲದವರು ಹೊರಗೆ ದುಬಾರಿ ಬಡ್ಡಿಗೆ ಕೈಸಾಲ ತಂದು ನಮ್ಮಲ್ಲಿ ಕಟ್ಟುತ್ತಾರೆ, ಸಾಲ ನವೀಕರಣವಾದ ಮೇಲೆ ಆ ಹಣ ಎತ್ತಿ ಕೈಸಾಲ ಕೊಟ್ಟವರಿಗೆ ಕೊಡುತ್ತಾರೆ. ಕಾಗದದ ಮೇಲೆ ವಸೂಲಿ ಚೆನ್ನಾಗಿ ಕಾಣುತ್ತದೆ, ಸದಸ್ಯನ ಬೆನ್ನು ಮುರಿದಿರುತ್ತದೆ. ಹೀಗೆ ಮಾಡುವವರು ಯಾರೆಂದು ಖಾತೆಗಳನ್ನು ತೆಗೆದು ನೋಡಿದೆವು. ಹೆಚ್ಚಿನ ಮನೆಗಳಲ್ಲಿ ಹಿಂದಿನ ವರ್ಷ ಮದುವೆ, ಕಾಲೇಜು ಸೇರ್ಪಡೆ ಅಥವಾ ಆಸ್ಪತ್ರೆ ಖರ್ಚು ಬಂದಿತ್ತು. ಅಡಿಕೆ ಮಾರಿದ ದುಡ್ಡು ಅಲ್ಲಿಗೆ ಹೋಗಿತ್ತು.

ಈಗ ಅಡಿಕೆ ಮಾರಿದ ಹಣ ಖಾತೆಗೆ ಬಿದ್ದ ದಿನವೇ ನಮ್ಮ ಸಿಬ್ಬಂದಿ ಫೋನ್ ಮಾಡುತ್ತಾರೆ. ಬೆಳೆಸಾಲಕ್ಕೆಂದು ಒಂದಷ್ಟನ್ನು ಗಡುವಿಗೆ ಮುಂಚೆ ಕೈಗೆ ಬರುವ ಹಾಗೆ ಠೇವಣಿ ಇಡಿಸುತ್ತಾರೆ. ಮಕ್ಕಳ ಫೀಸಿಗೆ ಬೇರೆ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ), ಅದು ಮುಗಿಯುವುದು ಮೇ ತಿಂಗಳಲ್ಲಿ. ಕೇಳಲು ಬಹಳ ಸಣ್ಣ ಬದಲಾವಣೆ. ಆದರೆ ಆರ್‌ಡಿ ಯಾವ ತಿಂಗಳು ಕೈಗೆ ಬರಬೇಕು ಎಂದು ಸದಸ್ಯನನ್ನು ಕೇಳುವ ಪದ್ಧತಿಯೇ ಮುಂಚೆ ಇರಲಿಲ್ಲ. ಬಂದ ದಿನದಿಂದ ಹನ್ನೆರಡು ತಿಂಗಳು ಎಣಿಸುತ್ತಿದ್ದೆವು, ಅಷ್ಟೆ.

ಜಮೀನಿಲ್ಲದವರಿಗೆ, ಸಣ್ಣ ಅಂಗಡಿಯವರಿಗೆ ಪಿಗ್ಮಿಯೇ ಆಧಾರ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಲು ಆರಂಭಿಸಿದ ಕ್ರಮವಿದು. ನೂರು ರೂಪಾಯಿ ಹಾಕುತ್ತಿದ್ದ ಅಂಗಡಿಯವರು ಇಪ್ಪತ್ತಕ್ಕೆ ಇಳಿದರೆ ಏನೋ ತೊಂದರೆಯಾಗಿದೆ ಎಂದು ಪಿಗ್ಮಿ ಕಲೆಕ್ಟರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅಂಥ ಹೆಸರನ್ನು ಚೀಟಿಯಲ್ಲಿ ಬರೆದು ನನಗೊಬ್ಬನಿಗೇ ಕೊಡಬೇಕು, ಬೇರೆಲ್ಲೂ ಬಾಯಿ ಬಿಡಬಾರದು ಎಂದು ನಿಯಮ ಮಾಡಿದೆವು. ಕಂತು ಸುಸ್ತಿಯಾಗುವ ಮೊದಲೇ ಅವರನ್ನು ಕರೆದು ಕೂರಿಸಿ ಮಾತಾಡಲು ಇದರಿಂದ ಸಾಧ್ಯವಾಯಿತು. ಊರಿನಲ್ಲಿ ಮರ್ಯಾದೆ ದೊಡ್ಡದು, ನೋಟಿಸು ಹೋದ ಮೇಲೆ ಜನ ನಮ್ಮ ಮುಖ ನೋಡುವುದಿಲ್ಲ.

ಮದುವೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ದುಡ್ಡಿನ ಅಡಚಣೆಗೆ ಅಡವಿಟ್ಟ ಚಿನ್ನವೇ ಮದುವೆಯ ದಿನ ಮೈಮೇಲೆ ಬೇಕು. ಬಳೆ, ಸರ, ಬೆಂಡೋಲೆ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ಸೀಲು ಮಾಡಿ ಒಂದೇ ಸಾಲ ಕೊಟ್ಟರೆ, ಒಂದು ಸರ ಬಿಡಿಸಲೂ ಪೂರ್ತಿ ಹಣ ಕಟ್ಟಬೇಕು. ಈಗ ನಾವು ಒಡವೆಗೊಂದು ಸಾಲ, ಒಡವೆಗೊಂದು ಪೊಟ್ಟಣ ಮಾಡುತ್ತೇವೆ. ಗುಮಾಸ್ತರಿಗೆ ಬರೆಯುವ ಕೆಲಸ ಜಾಸ್ತಿ, ನಿಜ. ಆದರೆ ತಾಯಿಯೊಬ್ಬಳು ಮಗಳ ಮದುವೆಗೆ ಸರವೊಂದನ್ನೇ ಬಿಡಿಸಿಕೊಂಡು ಹೋಗಬಹುದು.

ಆಸ್ಪತ್ರೆಗೆ ಯಶಸ್ವಿನಿ. 2003ರಲ್ಲಿ ಸಹಕಾರಿಗಳಿಗೆಂದು ಬಂದ ಯೋಜನೆ ನಡುವೆ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ನೋಂದಣಿಯ ಅವಧಿ ತಪ್ಪಿದರೆ ಮುಂದಿನ ವರ್ಷವೇ ಗತಿ. ಆದ್ದರಿಂದ ನೋಂದಣಿ ತೆರೆದಾಗ ಹಿಂದಿನ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಕರೆ ಮಾಡುತ್ತೇವೆ. ಹೊಸದಾಗಿ ಬಂದ ಸೊಸೆಯ, ಹುಟ್ಟಿದ ಮಗುವಿನ ಹೆಸರು ಸೇರಿತೇ ಎಂದು ಕೇಳುವುದೂ ಆ ಕರೆಯಲ್ಲೇ.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು, ಸದಸ್ಯ ತೀರಿಕೊಂಡ ಮೇಲಿನ ಕೆಲಸ. ನನ್ನ ಮಟ್ಟಿಗೆ ಸಂಘದ ಯೋಗ್ಯತೆ ತಿಳಿಯುವುದು ಅಲ್ಲಿಯೇ. ಗಂಡನನ್ನು ಕಳೆದುಕೊಂಡ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಬುಕ್, ಠೇವಣಿ ಪತ್ರ ಕಟ್ಟಿಕೊಂಡು ಕೌಂಟರಿಗೆ ಬರುತ್ತಾಳೆ. ಅರ್ಜಿ ತೆಗೆದರೆ ನಾಮಿನಿ ಜಾಗದಲ್ಲಿ ಅತ್ತೆಯ ಹೆಸರು. ಗಂಡ ಮದುವೆಗೆ ಮುಂಚೆ ಸದಸ್ಯನಾದಾಗ ತಾಯಿಯ ಹೆಸರು ಬರೆಸಿದ್ದ, ಆ ತಾಯಿ ಹೋಗಿಯೇ ಎಷ್ಟೋ ವರ್ಷ. ಇಂಥದ್ದನ್ನು ಮತ್ತೆ ಮತ್ತೆ ಕಂಡು ಹಳೆಯ ಸದಸ್ಯತ್ವದ ಅರ್ಜಿಗಳನ್ನೆಲ್ಲ ಕಪಾಟಿನಿಂದ ಇಳಿಸಿದೆವು. ಒಂದು ಕಡೆಯಿಂದ ನಾಮನಿರ್ದೇಶನ ಹೊಸದಾಗಿ ಬರೆಸಿದೆವು. ಈಗ ಸದಸ್ಯರಿಗೆ ಮದುವೆಯಾದ ಸುದ್ದಿ ಬಂದರೆ ಶುಭ ಕೋರುವ ಪತ್ರದ ಜೊತೆ ನಾಮಿನಿ ಫಾರಂ ಹೋಗುತ್ತದೆ. ನಾಮಿನಿ ಎಂದರೆ ಹಣ ಪಡೆಯಲು ಅಧಿಕಾರವಿರುವವರು, ವಾರಸುದಾರರ ಹಕ್ಕು ಬೇರೆ ಎಂಬುದನ್ನೂ ಅಲ್ಲೇ ಬರೆಯುತ್ತೇವೆ. ಈ ವ್ಯತ್ಯಾಸ ತಿಳಿಯದೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ಕಂಡಿದ್ದೇನೆ.

ಜಮೀನಿನದು ಇನ್ನೂ ಕಷ್ಟ. ಸಾಲಗಾರ ತೀರಿಕೊಂಡನೆಂದು ಗಡುವು ನಿಲ್ಲುವುದಿಲ್ಲ. ಪಹಣಿಯಲ್ಲಿ ಪೌತಿ ಖಾತೆಯಾಗದೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಬದಲಾಗದೆ, ಮಗನಿಗೆ ಹೊಸ ಸಾಲ ಸಿಗುವುದಿಲ್ಲ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಹೆಸರು ಬೇಕು. ಕರ್ನಾಟಕದಲ್ಲಿ 1994ರಿಂದಲೇ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ, 2005ರಿಂದ ಅದಕ್ಕೂ ಮುಂಚೆ ಮದುವೆಯಾದವರಿಗೂ, ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ, ಅವರನ್ನು ಬಿಟ್ಟು ಬರೆಸುವ ಹಾಗಿಲ್ಲ, ಬಿಡಬಾರದು ಕೂಡ. ಒಬ್ಬ ಮಗ ಬೆಂಗಳೂರಲ್ಲಿ, ಇನ್ನೊಬ್ಬ ದುಬೈಯಲ್ಲಿ, ಮಗಳು ಮುಂಬೈಯಲ್ಲಿ. ಎಲ್ಲರೂ ಒಂದೇ ಕಡೆ ಸಿಗುವುದು ಉತ್ತರಕ್ರಿಯೆಯ ದಿನ, ಮರುದಿನ ಬಸ್ಸು ಹತ್ತುತ್ತಾರೆ. ಊಟ ಮುಗಿದು ಬಂಧುಗಳು ಹೊರಟ ಮೇಲೆ ನಮ್ಮಲ್ಲೊಬ್ಬರು ಹೋಗಿ, ಯಾವ ಕಾಗದ ಯಾವ ಕಚೇರಿಯಲ್ಲಿ ಎಂದು ಬರೆದ ಒಂದು ಹಾಳೆಯನ್ನು ಮನೆಯ ಹಿರಿಯರ ಕೈಗೆ ಕೊಡುತ್ತಾರೆ. ಸಾಲದ ಬಾಕಿಯನ್ನು ಕೇಳಿದರೆ ಮಾತ್ರ ಹೇಳುವುದು. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕೆಂಬುದು ಆ ಹಾಳೆಯ ಮೊದಲ ಸಾಲು. ಇದು ಒರಟಾಗಿ ಕಂಡೀತೆಂದು ಆಡಳಿತ ಮಂಡಳಿಯಲ್ಲಿ ಕೆಲವರು ಅಂಜಿದ್ದರು. ಹೋದ ಮನೆಗಳಲ್ಲಿ ಯಾರೂ ಬೇಸರಿಸಲಿಲ್ಲ. “ನೀವು ಬಂದದ್ದು ಒಳ್ಳೆಯದಾಯಿತು, ತಂಗಿ ನಾಳೆ ಹೊರಡುವವಳು” ಎಂದವರೇ ಹೆಚ್ಚು.

ನಿವೃತ್ತರ ಠೇವಣಿಯ ಬಗ್ಗೆ ಒಂದು ಮಾತು. ಮಾಸಿಕ ಬಡ್ಡಿಯ ಠೇವಣಿಗೆ ಅವರು ಜೀವಮಾನದ ಉಳಿತಾಯವನ್ನೇ ತರುತ್ತಾರೆ. ಬ್ಯಾಂಕಿನ ಠೇವಣಿಗೆ ಇರುವ ಐದು ಲಕ್ಷದ ವಿಮೆ ನಮ್ಮಂಥ ಪತ್ತಿನ ಸಂಘಗಳಿಗಿಲ್ಲ ಎಂದು ನಾನು ಬಾಯಿಬಿಟ್ಟು ಹೇಳುತ್ತೇನೆ, ಎಲ್ಲವನ್ನೂ ಒಂದೇ ಕಡೆ ಇಡಬೇಡಿ ಎನ್ನುತ್ತೇನೆ. ಠೇವಣಿ ಗುರಿ ಮುಟ್ಟಬೇಕಾದ ನಾನು ಹೀಗೆ ಹೇಳುವುದು ಕೆಲವು ನಿರ್ದೇಶಕರಿಗೆ ಹಿಡಿಸಲಿಲ್ಲ. ಆದರೆ ಆ ಹಣ ಹೋದರೆ ಅವರು ಮತ್ತೆ ದುಡಿದು ಗಳಿಸಲಾರರು.

ಇನ್ನೂ ಬಗೆಹರಿಯದ್ದೂ ಇದೆ. ತೋಟದ ಕೆಲಸವೆಲ್ಲ ಹೆಂಡತಿಯದು, ಪಹಣಿ ಗಂಡನ ಹೆಸರಲ್ಲಿ, ಹಾಗಾಗಿ ಬೆಳೆಸಾಲವೂ ಅವನಿಗೇ. ಅಂಥವರಿಗೆ ಪಹಣಿ ಕೇಳದೆ, ಅವರದೇ ಹೆಸರಿನ ಪಿಗ್ಮಿ ಉಳಿತಾಯವನ್ನು ನೋಡಿ ಸಣ್ಣ ಸಾಲ ಕೊಡುವ ಪ್ರಸ್ತಾವವನ್ನು ಈ ಸೆಪ್ಟೆಂಬರಿನ ಮಹಾಸಭೆಯ ಮುಂದಿಡಲಿದ್ದೇವೆ. ಆ ದಿನ ಮತ ಹಾಕಲು ಮಹಿಳಾ ಸದಸ್ಯರೇ ಖುದ್ದಾಗಿ ಬರಲಿ ಎಂದು ಮನೆಮನೆಗೆ ಹೇಳಿ ಬರುತ್ತಿದ್ದೇವೆ.