ಬೂಷ್ಟಿನಡಿಯ ಹನ್ನೊಂದು ಹಾಡುಗಳು

ಕಳೆದ ವರ್ಷ ಆರಿದ್ರಾ ಮಳೆ ಹಿಡಿದಾಗ ಹೆಂಚಿನ ಸಂದಿನಿಂದ ನೀರು ಇಳಿದು ಅಟ್ಟದ ಮೇಲಿನ ಟ್ರಂಕಿನ ಮೇಲೆ ತೊಟ್ಟಿಕ್ಕತೊಡಗಿತು. ಟ್ರಂಕನ್ನು ಜಗುಲಿಗೆ ಇಳಿಸಿ ಮುಚ್ಚಳ ತೆಗೆದೆ. ಹಳೆಯ ಪಠ್ಯಪುಸ್ತಕಗಳ ಕೆಳಗೆ ನನ್ನ ಒಂಬತ್ತು ಎಲ್‌ಪಿ ರೆಕಾರ್ಡುಗಳಿದ್ದವು. ಎಲ್ಲದಕ್ಕೂ ಬೂಷ್ಟು. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿರುವ ಊರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಫೋಟೊಗೆ ಬೂಷ್ಟು ಹಿಡಿಯುವ ಸೀಮೆಯಲ್ಲಿ ರೆಕಾರ್ಡುಗಳು ಮಾತ್ರ ಉಳಿಯುತ್ತವೆಯೆ?

ಒಂಬತ್ತರಲ್ಲಿ ನಾನು ಮೊದಲು ಕೈಗೆತ್ತಿಕೊಂಡದ್ದು ಇಂಗ್ಲೆಂಡಿನ 'ದ ಜಾಂಬೀಸ್' ತಂಡದ 'ಒಡೆಸ್ಸಿ ಅಂಡ್ ಓರಾಕಲ್'. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಹಳೆಯ ಸಾಮಾನಿನ ರಾಶಿಯಲ್ಲಿ ಹುಡುಕಿ ಕೊಂಡ ಮರುಮುದ್ರಣ ಅದು. ಕೊಂಡದ್ದು ಒಂದೇ ಹಾಡಿಗಾಗಿ: ಎರಡನೆಯ ಮಗ್ಗುಲಿನ ಕಟ್ಟಕಡೆಯ 'ಟೈಮ್ ಆಫ್ ದ ಸೀಸನ್'.

ಆ ಹಾಡಿನ ಕೀರ್ತಿಯೇ ಉಳಿದ ಹನ್ನೊಂದು ಹಾಡುಗಳಿಗೆ ಮುಳುವಾಯಿತು ಎಂದು ಈಗ ನನಗೆ ಅನ್ನಿಸುತ್ತದೆ. ಲಂಡನ್ನಿನ ಹತ್ತಿರದ ಸೇಂಟ್ ಆಲ್ಬನ್ಸ್ ಊರಿನ ಐವರು ಹುಡುಗರು 1967ರಲ್ಲಿ, ಬಹುಪಾಲು ಆಬಿ ರೋಡ್ ಸ್ಟುಡಿಯೊದಲ್ಲಿ, ಈ ಆಲ್ಬಂ ಮುದ್ರಿಸಿದರು. ಬೀಟಲ್ಸ್ ತಮ್ಮ 'ಸಾರ್ಜೆಂಟ್ ಪೆಪರ್' ಮುಗಿಸಿ ಅಲ್ಲಿಂದ ಎದ್ದು ಹೋಗಿ ಹೆಚ್ಚು ದಿನವಾಗಿರಲಿಲ್ಲ. ಇವರಿಗೆ ಸಿಕ್ಕ ಹಣ ಸುಮಾರು 1,000 ಪೌಂಡ್. 1968ರ ಏಪ್ರಿಲ್‌ನಲ್ಲಿ ಆಲ್ಬಂ ಬಿಡುಗಡೆಯಾಗುವ ಹೊತ್ತಿಗೆ ತಂಡವೇ ಒಡೆದುಹೋಗಿತ್ತು. ಇಂಗ್ಲೆಂಡಿನಲ್ಲಿ ಕೇಳುವವರಿರಲಿಲ್ಲ. ಸಂಗೀತಗಾರ ಆಲ್ ಕೂಪರ್ ಪಟ್ಟು ಹಿಡಿದದ್ದರಿಂದ ಅಮೆರಿಕದಲ್ಲಿ ಹೊರಬಂತು, ಆ ಕೊನೆಯ ಹಾಡು 1969ರಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೇರಿತು. ಅಷ್ಟರಲ್ಲಿ ಗಾಯಕ ಕಾಲಿನ್ ಬ್ಲನ್‌ಸ್ಟೋನ್ ವಿಮಾ ಕಚೇರಿಯ ಕೆಲಸಕ್ಕೆ ಸೇರಿಯಾಗಿತ್ತು. ಆಲ್ಬಮ್ಮಿಗೆ ಮನ್ನಣೆ ಬಂದದ್ದು ದಶಕಗಳ ನಂತರ. 'ಒಡಿಸ್ಸಿ' ಪದದ ಇಂಗ್ಲಿಷ್ ಅಕ್ಷರಗಳನ್ನು ಮುಖಪುಟದ ಚಿತ್ರಕಾರ ತಪ್ಪಾಗಿ ಬರೆದದ್ದು ಹಾಗೆಯೇ ಉಳಿದುಬಿಟ್ಟಿತು.

ಇನ್ನು ತೊಳೆದ ಬಗೆ. ಬೂಷ್ಟನ್ನು ಮನೆಯೊಳಗೆ ಒಣಬಟ್ಟೆಯಲ್ಲಿ ಉಜ್ಜಲೇಬಾರದು. ಪುಡಿ ಹಾರಿ ಉಳಿದ ರೆಕಾರ್ಡುಗಳಿಗೂ ಹತ್ತುತ್ತದೆ, ನಮ್ಮ ಮೂಗಿಗೂ ಹೋಗುತ್ತದೆ. ಮಾಸ್ಕ್ ಹಾಕಿಕೊಂಡು ಜಗುಲಿಯಲ್ಲೇ ಕುಳಿತೆ. ಒಳಗಿನ ಕಾಗದದ ಕವಚವನ್ನು ಮೊದಲು ಒಲೆಗೆ ಹಾಕಿದೆ. ಬೂಷ್ಟಿನ ಬೀಜವೆಲ್ಲ ಅಡಗಿರುವುದು ಅದರಲ್ಲಿ, ಅದನ್ನು ಉಳಿಸಿಕೊಂಡರೆ ತೊಳೆದದ್ದು ವ್ಯರ್ಥ. ನಾಲ್ಕು ಪಾಲು ಡಿಸ್ಟಿಲ್ಡ್ ನೀರು, ಅಂದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು, ಅದಕ್ಕೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ದ್ರಾವಣದ ಎರಡು ಹನಿ. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ, ಒಣಗಿದ ಮೇಲೆ ಅದರ ಲವಣ ಗೆರೆಗಳಲ್ಲಿ ಕೂರುತ್ತದೆ. ನಡುವಿನ ಲೇಬಲ್ ನೆನೆಯದಂತೆ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಒತ್ತಿ ಹಿಡಿದು, ಮೃದುವಾದ ಬ್ರಷ್ಷನ್ನು ಗೆರೆ ಸುತ್ತುವ ದಿಕ್ಕಿನಲ್ಲೇ ನಿಧಾನವಾಗಿ ಆಡಿಸಿದೆ. ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದು, ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಮಳೆಗಾಲದಲ್ಲಿ ನೀರು ಬೇಗ ಆರುವುದಿಲ್ಲವಲ್ಲ, ಒಂದು ಇಡೀ ಹಗಲು ಫ್ಯಾನ್ ಹಾಕಿಟ್ಟೆ.

ಮಲೆನಾಡಿನ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಗ್ರಾಮಫೋನ್ ತಟ್ಟೆಗಳು ಇನ್ನೂ ಇವೆ. 78 ಸುತ್ತಿನ ಆ ತಟ್ಟೆಗಳು ಅರಗಿನವು, ಅವಕ್ಕೆ ಆಲ್ಕೋಹಾಲ್ ಸೋಕಿಸಬೇಡಿ, ಕರಗಿಹೋಗುತ್ತವೆ.

ಒಣಗಿದ ರೆಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿದಾಗ ನನಗೆ ನಾಚಿಕೆಯಾಯಿತು. ಎರಡನೆಯ ಮಗ್ಗುಲಿನ ಒಳತುದಿಯ ಪಟ್ಟಿ, ಆ ಒಂದು ಹಾಡಿನ ಜಾಗ, ಸೂಜಿಯಿಂದ ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಮೊದಲನೆಯ ಮಗ್ಗುಲು ಅಂಗಡಿಯಿಂದ ಆಗ ತಾನೆ ತಂದಂತೆ ಕಪ್ಪಗೆ ಮಿರುಗುತ್ತಿತ್ತು. ಸುಮಾರು ಮೂವತ್ತು ವರ್ಷ ನನ್ನ ಹತ್ತಿರ ಇದ್ದ ಆಲ್ಬಂ ಅದು. ನಾನು ಅದನ್ನು ಕೇಳಿಯೇ ಇರಲಿಲ್ಲ.

ಕೇಳುವ ಮೊದಲು ಟರ್ನ್‌ಟೇಬಲ್ಲಿನ ವೇಗ ನೋಡಬೇಕಿತ್ತು. ರಬ್ಬರ್ ಬೆಲ್ಟ್ ಸಡಿಲವಾದರೆ ಶ್ರುತಿ ಇಳಿಯುತ್ತದೆ. 180 ಗೆರೆಗಳ ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು ಹಳೆಯ ಟ್ಯೂಬ್‌ಲೈಟಿನಡಿ ತಿರುಗಿಸಿದರೆ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 33⅓ ಸುತ್ತಿನ ವೇಗ ಸರಿಯಿದ್ದಾಗ ಗೆರೆಗಳು ನಿಂತಂತೆ ಕಾಣುತ್ತವೆ. ನನ್ನವು ಹಿಂದಕ್ಕೆ ಸರಿದವು. ಹೊಸ ಬೆಲ್ಟ್ ಹಾಕಿದ ಮೇಲೆ ನಿಂತವು.

ಮೊದಲ ಸಲ ಸೂಜಿ ಇಟ್ಟಾಗ ಸಂಗೀತಕ್ಕಿಂತ ಚಟಪಟ ಸದ್ದೇ ಹೆಚ್ಚಾಗಿತ್ತು. ಹಾಡಿಗೊಂದು ಸಲ ಸೂಜಿಯ ತುದಿಯಿಂದ ಬೂದು ಎಳೆಗಳನ್ನು ತೆಗೆಯಬೇಕಾಯಿತು. ಮೂರನೆಯ ಸುತ್ತಿಗೆ ಗೆರೆಗಳು ತಿಳಿಯಾದವು. ಹೀಗೆ ಬೂಷ್ಟು ಬಿಡಿಸುವ ನೆಪದಲ್ಲಿ ಪ್ರತಿ ಹಾಡನ್ನೂ ಮೊದಲಿನಿಂದ ಕೊನೆಯವರೆಗೆ, ಕ್ರಮ ತಪ್ಪದೆ, ಮೂರು ಸಲ ಕೇಳಿದೆ. ಜೈಲಿನಿಂದ ಬಿಡುಗಡೆಯಾಗಲಿರುವ ಪ್ರಿಯತಮೆಗೆ ಬರೆದ ಕಾಗದ ಮೊದಲ ಹಾಡು, ಅದರ ರಾಗವೋ ಹಬ್ಬದ ಬೆಳಗಿನಂತೆ ಲವಲವಿಕೆಯದು. ಎರಡನೆಯದರಲ್ಲಿ ಪಿಯಾನೊ ಮತ್ತು ಕಂಠಗಳನ್ನು ಬಿಟ್ಟರೆ ಬೇರೇನೂ ಇಲ್ಲ. ನಾಲ್ಕನೆಯದು 'ಬೀಚ್‌ವುಡ್ ಪಾರ್ಕ್', ಬೇಸಿಗೆಯ ಮಳೆ ಬಂದು ಹೋದ ಮೇಲಿನ ಹಳ್ಳಿದಾರಿಯ ನೆನಪು. ನಮ್ಮ ತೋಟದ ಅಗಳಿನ ಪಕ್ಕದ ದಾರಿ ಮೊದಲ ಮಳೆಗೆ ಬಿಡುವ ಹಬೆ ನನಗೆ ಆ ಹಾಡಿನಲ್ಲಿ ಸಿಕ್ಕಿತು. ಆರನೆಯದರಲ್ಲಿ ಮೆಲೊಟ್ರಾನ್ ತುಂಬಿ ಹರಿಯುತ್ತದೆ. ಪ್ರತಿ ಕೀಲಿಯ ಕೆಳಗೂ ಧ್ವನಿ ತುಂಬಿದ ಒಂದು ಟೇಪಿನ ಪಟ್ಟಿ ಇರುವ ವಾದ್ಯ ಅದು. ಒತ್ತಿ ಹಿಡಿದರೂ ಎಂಟು ಸೆಕೆಂಡಿಗೆ ಸ್ವರ ಮುಗಿದುಹೋಗುತ್ತದೆ. ಬೀಟಲ್ಸ್ ತಂಡದ ಜಾನ್ ಲೆನನ್ ಸ್ಟುಡಿಯೊದಲ್ಲಿ ಬಿಟ್ಟುಹೋಗಿದ್ದ ಮೆಲೊಟ್ರಾನನ್ನೇ ತಾವು ಬಳಸಿಕೊಂಡೆವು ಎಂದು ಕೀಬೋರ್ಡ್ ವಾದಕ ರಾಡ್ ಆರ್ಜೆಂಟ್ ನೆನೆಸಿಕೊಂಡಿದ್ದಾರೆ.

ಎರಡನೆಯ ಮಗ್ಗುಲಿನ ಮೂರನೆಯ ಹಾಡಿಗೆ ಬಂದಾಗ ಹೆಡ್‌ಫೋನಿನಲ್ಲಿ ಏನೋ ವ್ಯತ್ಯಾಸ ಕೇಳಿಸಿತು. ಅಲ್ಲಿಯವರೆಗೆ ಎಡಬಲಕ್ಕೆ ಹರಡಿಕೊಂಡಿದ್ದ ಧ್ವನಿಗಳು ನಡುವಿಗೆ ಬಂದು ಒತ್ತಿಕೊಂಡಿದ್ದವು. ಸೂಜಿ ಕೆಟ್ಟಿತೆಂದು ಹೆದರಿದೆ. ಕಾರಣ ಬೇರೆ ಇತ್ತು. ಮೋನೊ ಮಿಶ್ರಣಕ್ಕೇ, ಅಂದರೆ ಎಲ್ಲ ಧ್ವನಿಗಳನ್ನೂ ಒಂದಾಗಿ ಬೆರೆಸುವುದಕ್ಕೇ, ತಂಡದ ಹಣ ಮುಗಿದಿತ್ತು. ಕಂಪನಿ ಧ್ವನಿಗಳನ್ನು ಎಡಬಲಕ್ಕೆ ಹರಡುವ ಸ್ಟೀರಿಯೊ ಬೇಕೆಂದಾಗ ಹಾಡು ಬರೆದ ಆರ್ಜೆಂಟ್ ಮತ್ತು ಕ್ರಿಸ್ ವೈಟ್ ತಮ್ಮ ಕಿಸೆಯಿಂದ ಖರ್ಚು ಮಾಡಿದರು. ಆದರೆ 'ದಿಸ್ ವಿಲ್ ಬಿ ಅವರ್ ಇಯರ್' ಎಂಬ ಈ ಹಾಡಿನ ಕಹಳೆಗಳನ್ನು ನೇರವಾಗಿ ಮೋನೊ ಮಿಶ್ರಣದ ಮೇಲೆಯೇ ಸೇರಿಸಲಾಗಿತ್ತು, ಬಿಡಿಸಿ ಹರಡಲು ಪ್ರತ್ಯೇಕ ಟ್ರ್ಯಾಕ್ ಇರಲಿಲ್ಲ. ಕಂಪ್ಯೂಟರಿಗೆ ಇಳಿಸುವಾಗ ಇದೊಂದು ಹಾಡಿಗೆ ಎಡಬಲ ಎರಡನ್ನೂ ಕೂಡಿಸಿ ಒಂದಾಗಿಸಿದೆ. ಗೆರೆಯ ತಳದ ಬಹಳಷ್ಟು ಚಟಪಟ ಸದ್ದು ಅದರಿಂದಲೇ ಅಡಗಿತು.

ಈಗ ರೆಕಾರ್ಡುಗಳು ಹೊಸ ಪ್ಲಾಸ್ಟಿಕ್ ಕವಚದಲ್ಲಿ, ಕಪಾಟಿನೊಳಗೆ ನೆಟ್ಟಗೆ ನಿಂತಿವೆ. ಜೊತೆಗೆ ಸಿಲಿಕಾ ಜೆಲ್ ಚೀಲಗಳು. ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ತೇವ ಹೀರುತ್ತವೆ.

ಮೊನ್ನೆ ಪುನರ್ವಸು ಮಳೆಯ ಒಂದು ಸಂಜೆ ನೆರೆಮನೆಯ ಹಿರಿಯರು ಬಂದಿದ್ದರು. ಪ್ರಾಯದಲ್ಲಿ ಕಂಪನಿ ನಾಟಕಗಳಿಗೆ ಕಾಲುಪೆಟ್ಟಿಗೆ ನುಡಿಸಿದವರು. ಎರಡನೆಯ ಮಗ್ಗುಲಿನ ನಾಲ್ಕನೆಯ ಹಾಡು 'ಬುಚರ್ಸ್ ಟೇಲ್' ಶುರುವಾದದ್ದೇ ಅವರು ಮುಂದಕ್ಕೆ ಬಾಗಿ ಕುಳಿತರು. "ಇದು ತಿದಿ ತುಳಿದು ನುಡಿಸುವ ಪೆಟ್ಟಿಗೆ. ಉಸಿರು ಕೇಳಿಸುತ್ತಿದೆ ನೋಡಿ" ಎಂದರು. ಅವರು ಹೇಳಿದ್ದು ಸರಿ, ಅದು ಗಾಳಿಯ ಆರ್ಗನ್. ಹಾಡಿದವನು ಮುಖ್ಯ ಗಾಯಕನಲ್ಲ, ಬೇಸ್ ಗಿಟಾರಿನ ಕ್ರಿಸ್ ವೈಟ್, ಆ ನಡುಗುವ ತೆಳು ಕಂಠವೇ ಅದಕ್ಕೆ ತಕ್ಕದ್ದು. ಏನು ಹಾಡುತ್ತಿದ್ದಾನೆ ಎಂದು ಅವರು ಕೇಳಿದರು. ಮಾಂಸದಂಗಡಿಯವನೊಬ್ಬ ಮೊದಲ ಮಹಾಯುದ್ಧಕ್ಕೆ ಹೋಗಿದ್ದಾನೆ, ಕೈ ನಡುಗುವುದು ನಿಲ್ಲುತ್ತಿಲ್ಲ, ಮನೆಗೆ ಹೋಗಬೇಕು ಎನ್ನುತ್ತಿದ್ದಾನೆ ಎಂದೆ.

ಮುಂದಿನ ಹಾಡು ಸ್ನೇಹಿತರ ಕುರಿತ ಹಗುರವಾದ ಹಾಡು, ತಡವಿಲ್ಲದೆ ಶುರುವಾಗಿಬಿಡುತ್ತದೆ. ಅವರು ಕೈಯೆತ್ತಿ "ಸ್ವಲ್ಪ ನಿಲ್ಲಿಸಿ" ಎಂದರು. ಸೂಜಿ ಎತ್ತಿ ಹಿಡಿದೆ. ತಟ್ಟೆ ಸದ್ದಿಲ್ಲದೆ ತಿರುಗುತ್ತಿತ್ತು, ಹೊರಗೆ ಹೆಂಚಿನ ಮೇಲೆ ಮಳೆ. ಕೊಂಚ ಹೊತ್ತಿನ ನಂತರ ಅವರೇ ತಲೆಯಾಡಿಸಿದರು, ಸೂಜಿಯನ್ನು ಮತ್ತೆ ಇಳಿಸಿದೆ.