ಡಿಎಸ್‌ಎಲ್‌ಆರ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಮಹಾವ್ಯಾಧನ ಫೋಟೋ ತೆಗೆಯೋದು ಹೇಗೆ

ಮಹಾವ್ಯಾಧ, ಅಂದ್ರೆ ಒರಾಯನ್ ನಕ್ಷತ್ರಪುಂಜದ ಫೋಟೋ ತೆಗೆಯೋಕೆ ಲ್ಯಾಪ್‌ಟಾಪ್ ಯಾಕೆ ಬೇಕು? ಫೋಕಸ್‌ಗೆ. ಸಾಲಾಗಿ ನೂರು ಫೋಟೋ ತೆಗೆಯೋ ಕೆಲಸವನ್ನ ಒಂದು ಸಾದಾ ಟೈಮರ್ ರಿಮೋಟ್ ಕೂಡ ಮಾಡುತ್ತೆ. ಆದ್ರೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿ ಕಂಡ ನಕ್ಷತ್ರ ಮನೆಗೆ ಬಂದು ನೋಡಿದ್ರೆ ಉಬ್ಬಿದ ಚುಕ್ಕೆ ಆಗಿರುತ್ತಲ್ಲ, ಅದಕ್ಕೆ ಮದ್ದು ದೊಡ್ಡ ಪರದೆ.

ಇಲ್ಲಿ ಹೇಳ್ತಿರೋದು ಕ್ಯಾನನ್ ಕ್ಯಾಮೆರಾ, 50 ಎಂಎಂ ಲೆನ್ಸ್ ಮತ್ತು ಸಾದಾ ಟ್ರೈಪಾಡ್ ಲೆಕ್ಕದಲ್ಲಿ. ಲ್ಯಾಪ್‌ಟಾಪ್‌ನಿಂದ ಕ್ಯಾಮೆರಾ ನಡೆಸೋಕೆ ಕ್ಯಾನನ್‌ನವರ ಇಒಎಸ್ ಯುಟಿಲಿಟಿ ಸಾಫ್ಟ್‌ವೇರ್ ಉಚಿತ. ವಿಂಡೋಸ್‌ನಲ್ಲಿ ನಿನಾ (N.I.N.A.) ಕೂಡ ಉಚಿತ, ಖಗೋಳದವರಿಗೆ ಅಂತಲೇ ಮಾಡಿದ್ದು. ನಿಕಾನ್ ಇದ್ದವರು ಡಿಜಿಕ್ಯಾಮ್‌ಕಂಟ್ರೋಲ್ ನೋಡಿ, ಲಿನಕ್ಸ್‌ನವರಿಗೆ ಕೆಸ್ಟಾರ್ಸ್ ಜೊತೆ ಬರೋ ಎಕೋಸ್ ಇದೆ. ಒಂದು ವಿಷಯ ನೆನಪಿರಲಿ, ಕ್ಯಾಮೆರಾ ಒಂದು ಸಲಕ್ಕೆ ಒಂದೇ ಸಾಫ್ಟ್‌ವೇರ್ ಕೈಗೆ ಸಿಗೋದು. ಕೇಬಲ್ ಚುಚ್ಚಿದ ತಕ್ಷಣ ಇಒಎಸ್ ಯುಟಿಲಿಟಿ ತಾನಾಗೇ ತೆರೆದುಕೊಂಡಿದ್ರೆ ನಿನಾಗೆ ಕ್ಯಾಮೆರಾ ಸಿಗಲ್ಲ. ಅದನ್ನ ಮುಚ್ಚಿ, ಆಮೇಲೆ ಕನೆಕ್ಟ್ ಒತ್ತಿ.

ಡಯಲ್ ಎಂ (ಮ್ಯಾನ್ಯುಯಲ್) ಮೇಲಿರಲಿ, ಫೈಲ್ ರಾ (RAW) ಇರಲಿ. ಆಟೋ ಪವರ್ ಆಫ್ ಬಂದ್ ಮಾಡಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕೂಡ ಬಂದ್, ಇಲ್ಲಾಂದ್ರೆ ಪ್ರತಿ ಫೋಟೋ ಆದ್ಮೇಲೆ ಅಷ್ಟೇ ಹೊತ್ತು ಸುಮ್ನೆ ಕಾಯಬೇಕಾಗುತ್ತೆ. ಐಎಸ್‌ಒ 1600, ಅಪರ್ಚರ್ ಎಫ್/2.8. 1.8ಕ್ಕೆ ಪೂರ್ತಿ ತೆರೆದರೆ ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬರುತ್ತೆ.

ಈಗ ಫೋಕಸ್. ಲೆನ್ಸಿನ ಸ್ವಿಚ್ ಎಎಫ್ (ಆಟೋಫೋಕಸ್) ಮೇಲೇ ಇರಲಿ, ಯಾಕಂದ್ರೆ ಮೋಟರ್ ತಿರುಗಿಸೋದು ಕಂಪ್ಯೂಟರ್. ಇಒಎಸ್ ಯುಟಿಲಿಟಿಯ ಲೈವ್ ವ್ಯೂನಲ್ಲಿ ಮಹಾವ್ಯಾಧನ ಕಾಲಿನ ಪ್ರಕಾಶಮಾನ ನಕ್ಷತ್ರ ರಿಗೆಲ್ ಹಿಡಿದು ಪೂರ್ತಿ ಜೂಮ್ ಮಾಡಿ. ಫೋಕಸ್ ಸರಿಸೋ ಬಾಣದ ಗುಂಡಿಗಳು ಮೂರು ಅಳತೆಯಲ್ಲಿ ಇರುತ್ತವೆ, ದೊಡ್ಡದರಿಂದ ಶುರು ಮಾಡಿ ಕೊನೆಗೆ ಚಿಕ್ಕದಕ್ಕೆ ಬನ್ನಿ. ಚುಕ್ಕೆ ಕುಗ್ಗುತ್ತಾ ಹೋಗಿ ಒಂದು ಹಂತ ದಾಟಿದ್ಮೇಲೆ ಮತ್ತೆ ಉಬ್ಬುತ್ತೆ, ಆಗ ಜಾಸ್ತಿಯೇ ಹಿಂದೆ ಹೋಗಿ ಮೊದಲು ಬಂದ ಕಡೆಯಿಂದಲೇ ಮತ್ತೆ ಬನ್ನಿ, ಲೆನ್ಸಿನ ಗೇರ್‌ನಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತೆ. ಪಕ್ಕದ ಮಂಕು ನಕ್ಷತ್ರಗಳೂ ಪರದೆಯಲ್ಲಿ ಮೂಡಿದ್ರೆ ಸರಿಯಾಯ್ತು ಅಂತ ಅರ್ಥ. ಈಗ ರಿಂಗ್ ಅಲುಗದ ಹಾಗೆ ಸ್ವಿಚ್ ಎಂಎಫ್‌ಗೆ (ಮ್ಯಾನ್ಯುಯಲ್ ಫೋಕಸ್) ತಳ್ಳಿ, ಒಂದು ಫೋಟೋ ತೆಗೆದು ಮತ್ತೆ ಪರೀಕ್ಷಿಸಿ. 135 ಎಂಎಂಗಿಂತ ಉದ್ದದ ಲೆನ್ಸ್ ಆದ್ರೆ ಲೆನ್ಸ್ ಮುಂದೆ ಬಾಹ್ಟಿನೋವ್ ಮಾಸ್ಕ್ (ಫೋಕಸ್ ಸರಿಯಿದೆಯಾ ಅಂತ ತೋರಿಸೋ ಸೀಳುಗಳ ಮುಚ್ಚಳ) ಹಾಕೋದೇ ಸುಲಭ.

ಎಕ್ಸ್‌ಪೋಶರ್‌ಗೆ 500ರ ಲೆಕ್ಕ ಹಿಡಿಯಿರಿ: 500ನ್ನ ಲೆನ್ಸಿನ ಎಂಎಂನಿಂದ ಭಾಗಿಸಿದ್ರೆ ನಕ್ಷತ್ರ ಗೆರೆಯಾಗದೆ ಉಳಿಯೋ ಸೆಕೆಂಡ್ ಸಿಗುತ್ತೆ. ಕ್ಯಾನನ್ ಕ್ರಾಪ್ ಸೆನ್ಸರ್‌ಗೆ (ಫುಲ್ ಫ್ರೇಮ್‌ಗಿಂತ ಚಿಕ್ಕದು) 50 ಅಂದ್ರೆ 80, ಹಾಗಾಗಿ ಸುಮಾರು 6 ಸೆಕೆಂಡ್ ಬರುತ್ತೆ. ನಾನು 5ಕ್ಕೇ ನಿಲ್ಲಿಸ್ತೀನಿ. ಊರೊಳಗಿನ ತಾರಸಿಯಲ್ಲಿ ಹಿಸ್ಟೋಗ್ರಾಮ್ (ಫೋಟೋದ ಬೆಳಕಿನ ನಕ್ಷೆ) ಗುಡ್ಡ ಅರ್ಧ ದಾಟಿದ್ರೆ ಐಎಸ್‌ಒ ಇಳಿಸಿ. ಇಷ್ಟಾದ್ಮೇಲೆ ಇಒಎಸ್ ಯುಟಿಲಿಟಿ ಮುಚ್ಚಿ, ನಿನಾದಲ್ಲಿ ಕನೆಕ್ಟ್ ಒತ್ತಿ 100 ಫೋಟೋ ಅಂತ ಕೊಟ್ಟು ಬಿಟ್ಟುಬಿಡಿ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತೆ, ಅದಕ್ಕೇ 20 ನಿಮಿಷಕ್ಕೊಮ್ಮೆ ಮಹಾವ್ಯಾಧನನ್ನ ಮತ್ತೆ ನಡುವೆ ತಂದುಕೊಳ್ಳಿ. ಆಗಲೇ ಲೆನ್ಸ್ ಮೇಲೆ ಇಬ್ಬನಿ ಕೂತಿದೆಯಾ ಅಂತಲೂ ನೋಡಿ, ಜನವರಿಯಲ್ಲಿ ಇದು ದೊಡ್ಡ ಕಾಟ. ಲೈವ್ ವ್ಯೂ ಬ್ಯಾಟರಿ ಬೇಗ ತಿನ್ನುತ್ತೆ, ಹೊರಗಿನ ಕರೆಂಟ್‌ನಿಂದ ಕ್ಯಾಮೆರಾ ನಡೆಸೋ ಡಮ್ಮಿ ಬ್ಯಾಟರಿ ಇದ್ರೆ ನೆಮ್ಮದಿ.

ಕೊನೆಗೆ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 5 ಸೆಕೆಂಡ್‌ನಲ್ಲಿ 20 ಡಾರ್ಕ್ ಫ್ರೇಮ್ (ನಾಯ್ಸ್ ಕಳೆಯೋಕೆ ಬೇಕಾದ ಕಪ್ಪು ಫೋಟೋ) ತೆಗೆಯಿರಿ. ಮನೆಯೊಳಗೆ ತಂದು ತೆಗೀಬೇಡಿ, ಹೊರಗಿನ ಚಳಿಯಲ್ಲೇ ಆಗಬೇಕು. ಎಲ್ಲವನ್ನೂ ಫೋಟೋಗಳನ್ನ ಒಂದರ ಮೇಲೊಂದು ಕೂಡಿಸೋ ಸಾಫ್ಟ್‌ವೇರ್ ಆದ ಸಿರಿಲ್‌ಗೋ ಡೀಪ್‌ಸ್ಕೈಸ್ಟ್ಯಾಕರ್‌ಗೋ ಕೊಟ್ಟರೆ ಮಹಾವ್ಯಾಧನ ಕತ್ತಿಯ ನಡುವಿನ ಎಂ42 ನೀಹಾರಿಕೆ ಬಣ್ಣದ ಸಮೇತ ಮೇಲೆ ಬರುತ್ತೆ.